ಅಪ್‌ಡೇಟ್: ಮ್ಯೂನಿಕ್‌ನಲ್ಲಿ ಅಪ್ಪನ ಮುಂಜಾನೆ ಪಿ.ಟಿ., ಅಂಗಡಿ ಕೆಲಸ

ಹೋದ ವಾರ ಕೇಳಿದ್ದೆ: ಸೇನೆಯಿಂದ ನಿವೃತ್ತರಾದ ಅಪ್ಪ ಹಾಸನದಿಂದ ನಮ್ಮನೆಗೆ ಬಂದಿದ್ದಾರೆ, ನಾಲ್ಕೂವರೆಗೇ ಎದ್ದು ಪಿ.ಟಿ. ಶುರು ಮಾಡುತ್ತಾರೆ, ಕೆಳಗಿನ ಮನೆಯವರು ದೂರು ಹೇಳಿದ್ದಾರೆ, ಏನು ಮಾಡಲಿ ಅಂತ. ಇಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ.

ದಪ್ಪ ಮ್ಯಾಟ್ ಹಾಸಿ ಅಂದಿದ್ದಿರಿ. ಹಾಸಿದೆವು, ಉಪಯೋಗ ಆಗಲಿಲ್ಲ. ಮರದ ನೆಲ, ಹೆಜ್ಜೆ ಸದ್ದು ಕೆಳಗೆ ಕೇಳುತ್ತಲೇ ಇತ್ತು. ತಡವಾಗಿ ಏಳಲು ಹೇಳಿ ಅನ್ನೋದಂತೂ ಆಗುವ ಮಾತಲ್ಲ. ಕೆಲಸಕ್ಕೆ ಬಂದಿದ್ದು "ಅವರಿಗೊಂದು ಡ್ಯೂಟಿ ಕೊಡಿ" ಅಂದವರ ಸಲಹೆ. ಈಗ ಪಿ.ಟಿ. ಈಸಾರ್ ನದಿ ದಂಡೆಯಲ್ಲಿ. ಬರುವಾಗ ಬೇಕರಿಯಿಂದ ಬಿಸಿ ಬ್ರೆಡ್ ತರುವುದು ಅಪ್ಪನ ಜವಾಬ್ದಾರಿ. ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿದ್ದರೂ ಬೇಕರಿ ಕೆಲವು ಗಂಟೆ ತೆರೆದಿರುತ್ತದೆ.

ಹೊಸದಾಗಿ ಗೊತ್ತಾಗಿದ್ದು ಖಾಲಿ ಬಾಟಲಿಗಳ ವಿಷಯ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗೆ ಇಲ್ಲಿ 25 ಸೆಂಟ್ ಡೆಪಾಸಿಟ್. ಅಂಗಡಿಯ ಮಷೀನಿಗೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಕೌಂಟರಿನಲ್ಲಿ ಕೊಟ್ಟರೆ ದುಡ್ಡು. ಸಾಮಾನು ಕಟ್ಟುವಾಗ ಜಾಗ ಉಳಿಸೋದು ಅಪ್ಪನಿಗೆ ಸೇನೆಯಿಂದ ಬಂದ ಅಭ್ಯಾಸ. ಒಂದೊಂದು ಬಾಟಲಿಯನ್ನೂ ತುಳಿದು ಚಪ್ಪಟೆ ಮಾಡಿ ಚೀಲಕ್ಕೆ ಅಚ್ಚುಕಟ್ಟಾಗಿ ತುಂಬಿದ್ದರು. ಮಷೀನು ಎಲ್ಲವನ್ನೂ ವಾಪಸ್ ತಳ್ಳಿತು. ಅದು ಬಾರ್‌ಕೋಡ್ ಓದಬೇಕಲ್ವಾ? ಊದಿ ಉಬ್ಬಿಸಿ, ಲೇಬಲ್ ಸವರಿ ನೇರ ಮಾಡಿ ಹಾಕಿದ ಮೇಲೆ ತೆಗೆದುಕೊಂಡಿತು. ಹಾಗಾಗಿ ಬಾಟಲಿ ಜಜ್ಜಬೇಡಿ, ಲೇಬಲ್ ಕೀಳಬೇಡಿ.

ಕೆಳಗಿನ ಮನೆಯವರಿಂದ ಮತ್ತೆ ದೂರು ಬಂದಿಲ್ಲ. ಡ್ಯೂಟಿ ಸಲಹೆ ಕೊಟ್ಟವರಿಗೆ ಅಪ್ಪನ ಕಡೆಯಿಂದಲೂ ಥ್ಯಾಂಕ್ಸ್.