ಕ್ಯಾಸೆಟ್, ವಿಸಿಡಿ, ಮೊಬೈಲ್ ತುಣುಕುಗಳನ್ನು ಒಂದೇ ಡಿವಿಡಿಗೆ ಸೇರಿಸಿದವರ ಅನುಭವ ಬೇಕಾಗಿದೆ

ತುಮಕೂರಿನಿಂದ: ತಂದೆಯವರ ಷಷ್ಟ್ಯಬ್ದಿಗೆ ನೆಂಟರಿಗೆ ಹಂಚಲು ಡಿವಿಡಿ ಮಾಡುತ್ತಿದ್ದೇನೆ. ಅವರ ಮದುವೆಯ ವಿಎಚ್‌ಎಸ್ ಕ್ಯಾಸೆಟ್, ನನ್ನ ಉಪನಯನದ ವಿಸಿಡಿ, ಈಚಿನ ಮೊಬೈಲ್ ತುಣುಕುಗಳು, ಎಲ್ಲ ಸೇರಿ ಎರಡೂವರೆ ಗಂಟೆ. ಊರಿನ ಬಹುತೇಕರ ಮನೆಯಲ್ಲಿರುವುದು ಹಳೆಯ ಡಿವಿಡಿ ಪ್ಲೇಯರ್. ಸೇರಿಸಿದ ಮೇಲೆ ಎಲ್ಲವೂ ಮೂಲಕ್ಕಿಂತ ಮಸುಕಾಗಿದೆ. ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.

ಹಾಸನದಿಂದ: ಅಕ್ಕನ ಮದುವೆಯ ಕ್ಯಾಸೆಟ್‌ಗಳನ್ನು ಒಂದು ಸ್ಟುಡಿಯೋದವರಿಗೆ ಕೊಟ್ಟಿದ್ದೆ. ಕ್ಯಾಸೆಟ್ ಒಂದಕ್ಕೆ ₹600, ಬೂಷ್ಟು ಒರೆಸಿದ್ದಕ್ಕೆ ₹150, ಮುಖಪುಟಕ್ಕೆ ₹80, ಅದಲ್ಲದೆ ‘ಅರ್ಜೆಂಟ್’ ಎಂದು ಇನ್ನೂ ₹200 ಕಿತ್ತುಕೊಂಡರು. ಇಷ್ಟಾದ ಮೇಲೂ ಮೂರು ಗಂಟೆಯ ಚಿತ್ರವನ್ನು 4.7 ಜಿಬಿಯ ಒಂದೇ ಡಿಸ್ಕಿಗೆ ತುರುಕಿದ್ದರು. ಹೋಮದ ಹೊಗೆ ಎದ್ದಲ್ಲೆಲ್ಲ ಚಿತ್ರ ಚೌಕಚೌಕವಾಗಿ ಒಡೆದು, ಪುರೋಹಿತರ ಮುಖವೇ ಕಾಣದಂತಾಗಿತ್ತು. ಡಿಸ್ಕಿಗೆ ಹಿಡಿಸುವುದು ಸುಮಾರು 37,600 ಮೆಗಾಬಿಟ್. ಅದನ್ನು ಮೂರು ಗಂಟೆಗೆ ಹಂಚಿದರೆ ಸೆಕೆಂಡಿಗೆ 3.5 ಮೆಗಾಬಿಟ್ ಕೂಡ ಸಿಗುವುದಿಲ್ಲ. ಸಾಲದ್ದಕ್ಕೆ ಧ್ವನಿಯನ್ನು ಕುಗ್ಗಿಸದ ಪಿಸಿಎಂ ಆಗಿಯೇ ಬಿಟ್ಟಿದ್ದರಿಂದ ಅದೊಂದೇ 1.5 ಮೆಗಾಬಿಟ್ ನುಂಗಿತ್ತು. ಧ್ವನಿಯನ್ನು ಕುಗ್ಗಿಸಿಡುವ ಎಸಿ3ಯಲ್ಲಿ 192 ಕಿಲೋಬಿಟ್ ಧಾರಾಳವಾಗಿ ಸಾಕಿತ್ತು. ಕೊನೆಗೆ ನಾನೇ ಎರಡು ಡಿಸ್ಕುಗಳಾಗಿ ಒಡೆದು, ಚಿತ್ರವನ್ನು ಮೊದಲೊಮ್ಮೆ ಪೂರ್ತಿ ಅಳೆದು ಆಮೇಲೆ ಕುಗ್ಗಿಸುವ ಟೂ ಪಾಸ್ ಎನ್‌ಕೋಡಿಂಗ್‌ನಲ್ಲಿ ಸರಾಸರಿ 6 ಮೆಗಾಬಿಟ್ ಇಟ್ಟು ಮಾಡಿದೆ. ಹೊಗೆ ಈಗ ಹೊಗೆಯಂತೆಯೇ ಕಾಣುತ್ತದೆ.

ಧಾರವಾಡದಿಂದ: ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ಬಿಟ್‌ರೇಟ್ ಒಂದನ್ನೇ ಜಪಿಸಿದರೆ ಪ್ರಯೋಜನವಿಲ್ಲ. ನಮ್ಮ ಕ್ಯಾಸೆಟ್‌ಗಳನ್ನು ಡಿಇಂಟರ್‌ಲೇಸ್ ಮಾಡಿ, ಅಂದರೆ ಒಂದು ಬಿಟ್ಟು ಒಂದು ಗೆರೆಯ ಅರೆಚಿತ್ರಗಳನ್ನು (ಫೀಲ್ಡ್) ಇಡೀ ಫ್ರೇಮ್‌ಗಳಾಗಿಸಿ ಕೊಟ್ಟು, ಹಾಳುಗೆಡವಿದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 50 ಫೀಲ್ಡ್‌ಗಳಿರುತ್ತವೆ, ಡಿವಿಡಿ ಅವನ್ನು ಹಾಗೆಯೇ ಹಿಡಿದುಕೊಳ್ಳುತ್ತದೆ; 25 ಫ್ರೇಮ್‌ಗಳಾಗಿಸಿದರೆ ಚಲನೆಯ ಅರ್ಧಭಾಗ ಹೋದಂತೆಯೇ. ಫೀಲ್ಡ್‌ಗಳ ಕ್ರಮ ತಪ್ಪಿದರೂ ಕಷ್ಟವೇ. ಮಿನಿ ಡಿವಿ ಎಂಬ ಡಿಜಿಟಲ್ ಕ್ಯಾಸೆಟ್‌ನಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ಅದನ್ನು ತಿರುವುಮುರುವು ಮಾಡಿದ್ದರಿಂದ ನಮ್ಮ ಮೆರವಣಿಗೆಯ ಕುದುರೆ ಮುಂದೊಂದು ಹೆಜ್ಜೆ, ಹಿಂದೊಂದು ಹೆಜ್ಜೆ ಇಡುತ್ತಿತ್ತು.

ಹಾಸನದಿಂದ: ಎಲ್‌ಇಡಿ ಟಿವಿಯಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಬರುತ್ತವಲ್ಲ, ಅವಕ್ಕೆ ಯಾರು ಹೊಣೆ?

ಧಾರವಾಡದಿಂದ: ಅಂಥ ಗೆರೆಗಳು ಕಾಣುವುದು ಚಿತ್ರವನ್ನು ಕಂಪ್ಯೂಟರಿನಲ್ಲಿ ನೋಡಿದಾಗ, ಇಲ್ಲವೇ ಫೀಲ್ಡ್‌ಗಳಿಂದಾದ ಇಂಟರ್‌ಲೇಸ್ ಚಿತ್ರದ ಎತ್ತರವನ್ನು ಹಾಗೆಯೇ ಹಿಗ್ಗಿಸಿ ಕುಗ್ಗಿಸಿದಾಗ. ಡಿಇಂಟರ್‌ಲೇಸ್ ಕೆಲಸವನ್ನು ಟಿವಿ ತಾನೇ ಮಾಡಿಕೊಳ್ಳುತ್ತದೆ. ದಯವಿಟ್ಟು ಒಮ್ಮೆ ಟಿವಿಯಲ್ಲೇ ಹಾಕಿ ನೋಡಿ, ಆಮೇಲೆ ವಾದಿಸಿ.

ಶಿವಮೊಗ್ಗದಿಂದ: ವಿಸಿಡಿಯ ವಿಷಯವನ್ನು ಯಾರೂ ಮುಟ್ಟಲೇ ಇಲ್ಲ. ಅದರ ಚಿತ್ರ 352×288 ಅಳತೆಯ, ಎಂಪೆಗ್-1 ಎಂಬ ಹಳೆಯ ಬಗೆಯ ವಿಡಿಯೋ. ಡಿವಿಡಿ ಅದನ್ನು ಇದ್ದಂತೆಯೇ ಒಪ್ಪಿಕೊಳ್ಳುತ್ತದೆ. ಧ್ವನಿಯನ್ನು ಮಾತ್ರ 44.1ರಿಂದ 48 ಕಿಲೋಹರ್ಟ್ಸ್‌ಗೆ ಬದಲಿಸಿಕೊಳ್ಳಬೇಕು. ನಾನು ಮಗಳ ನಾಮಕರಣದ ವಿಸಿಡಿಯನ್ನು ಹೀಗೆಯೇ ಸೇರಿಸಿದ್ದರಿಂದ ಚಿತ್ರ ಒಂದು ಚುಕ್ಕಿಯಷ್ಟೂ ಕೆಡಲಿಲ್ಲ, ಜಾಗವೂ ಬೇಕಾದಷ್ಟು ಉಳಿಯಿತು. ಡಿಸ್ಕಿನ ಒಂದು ಟೈಟಲ್‌ಸೆಟ್‌ನೊಳಗೆ (ಒಂದೇ ಬಗೆಯ ಚಿತ್ರಗಳ ಗುಂಪು) ಅಳತೆಗಳನ್ನು ಬೆರೆಸುವಂತಿಲ್ಲವಾದ್ದರಿಂದ ಅದಕ್ಕೆ ಪ್ರತ್ಯೇಕ ಟೈಟಲ್‌ಸೆಟ್ ಮಾಡಬೇಕು. ನಡುವೆ ಪ್ಲೇಯರ್ ಅರೆಕ್ಷಣ ತಡೆಯುತ್ತದೆ. ನಮ್ಮ ಭಾವನವರು ಇಂದಿಗೂ ಅದನ್ನೇ ಆಡಿಕೊಳ್ಳುತ್ತಾರೆ.

ಮಂಗಳೂರಿನಿಂದ: ಇಷ್ಟೆಲ್ಲ ಪಾಡು ಯಾಕೆ? ಮೊಬೈಲಿನಲ್ಲಿ 1920×1080ರಲ್ಲಿ ತೆಗೆದದ್ದನ್ನು 720×576ಕ್ಕೆ ಇಳಿಸಿ, ಸೆಕೆಂಡಿಗೆ 30 ಇದ್ದ ಫ್ರೇಮ್‌ಗಳನ್ನು 25ಕ್ಕೆ ಕಡಿದು, ಕ್ಯಾಮೆರಾ ತಿರುಗಿದಾಗಲೆಲ್ಲ ಚಿತ್ರ ಕುಂಟಿತೆಂದು ಗೋಳಾಡುವುದಕ್ಕಿಂತ ಪೆನ್‌ಡ್ರೈವ್ ಹಂಚುವುದು ಮೇಲು. ನಾನು ಒಂದಕ್ಕೆ ₹320ರಂತೆ ಕೊಂಡು ಹಂಚಿದ್ದೇನೆ, ಯಾರೂ ದೂರಿಲ್ಲ.

ಶಿವಮೊಗ್ಗದಿಂದ: ನಿಮ್ಮ ನೆಂಟರ ಮನೆಗಳಲ್ಲಿ ಹೊಸ ಟಿವಿಗಳಿರಬಹುದು. ಹಳೆಯ ಪ್ಲೇಯರ್‌ಗಳಲ್ಲಿ ಯುಎಸ್‌ಬಿ ಇದ್ದರೂ ಅವುಗಳಲ್ಲಿ ಹೆಚ್ಚಿನವು ಓದುವುದು ಡಿವ್‌ಎಕ್ಸ್ ಎಂಬ ಹಳೆಯ ಬಗೆಯ ವಿಡಿಯೋ ಫೈಲುಗಳನ್ನು; ಮೊಬೈಲಿನ ಎಂಪಿ4 ಅವಕ್ಕೆ ತಿಳಿಯುವುದಿಲ್ಲ. ಊರಿನವರ ಮನೆಯಲ್ಲಿರುವುದು ಹಳೆಯ ಪ್ಲೇಯರ್ ಎಂದು ಪ್ರಶ್ನೆಯಲ್ಲೇ ಇದೆ, ಓದಿದ್ದೀರಾ?

ಮಂಗಳೂರಿನಿಂದ: ಓದಿದ್ದೇನೆ ಸ್ವಾಮಿ. ಭಾವನವರ ಮಾತು ಕೇಳಬೇಕಾದ ಡಿಸ್ಕನ್ನು ನಾನು ಮಾಡಿಲ್ಲ, ಅಷ್ಟೇ.