ಪುಟ್ಟಿ, ಎಲ್ಲವನ್ನೂ ನೋಡುವ ಹಟ ಬೇಡ

ಪುಟ್ಟಿ, ಮನೆಯವರ ಗುಂಪಿನಲ್ಲಿ ನೀನು ಹಾಕಿದ ಸಂದೇಶವನ್ನು ಬೆಳಿಗ್ಗೆಯೇ ನೋಡಿದೆ. ಲಂಡನ್ನಿನಲ್ಲಿ ಎರಡು ದಿನ, ಪ್ಯಾರಿಸ್ಸಿನಲ್ಲಿ ಮೂರು ದಿನ, ಕೈಯಲ್ಲಿ ಆಫೀಸಿನವರು ಬರೆದುಕೊಟ್ಟ ಒಂಬತ್ತು ಮ್ಯೂಸಿಯಂಗಳ ಪಟ್ಟಿ, ಜೊತೆಗೆ ಮಂಡಿನೋವಿನ ನಿಮ್ಮತ್ತೆ ಮತ್ತು ಇಬ್ಬರು ಮಕ್ಕಳು. ಇಷ್ಟರಲ್ಲಿ ಎಲ್ಲವನ್ನೂ ನೋಡಿ ಮುಗಿಸುವುದು ಹೇಗೆ, ನೋಡದೆ ಬಂದರೆ ಅಷ್ಟು ದೂರ ಹೋದದ್ದು ವ್ಯರ್ಥವಲ್ಲವೇ, ಚಿತ್ರಕಲೆಯ ಗಂಧಗಾಳಿ ಇಲ್ಲದ ನಾವು ಅಲ್ಲಿ ಪೆದ್ದರಂತೆ ಕಾಣುವುದಿಲ್ಲವೇ ಎಂದು ಕೇಳಿದ್ದೀಯ. ನಿನ್ನ ಚಿಕ್ಕಪ್ಪ ಅದಕ್ಕೆ ಫೋನಿನಲ್ಲಿ ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ಸುಮ್ಮನಾಗಿದ್ದಾನೆ. ನನಗೆ ಹಾಗೆ ಸುಮ್ಮನಿರಲು ಆಗುವುದಿಲ್ಲ, ಆದ್ದರಿಂದ ಸ್ವಲ್ಪ ಉದ್ದವಾದರೂ ಪೂರ್ತಿ ಕೇಳು.

ಮೊದಲನೆಯ ಮಾತು, ಎಲ್ಲವನ್ನೂ ನೋಡಿಬಿಡುತ್ತೇನೆಂಬ ಹಟ ಹಿಡಿದು ಹೋಗಬೇಡ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಒಂದರಲ್ಲೇ ಪ್ರದರ್ಶನಕ್ಕಿಟ್ಟಿರುವ ವಸ್ತುಗಳು ಸುಮಾರು 35,000. ಒಂದೊಂದರ ಮುಂದೆ ಅರ್ಧ ನಿಮಿಷ ಮಾತ್ರ ನಿಂತರೂ, ದಿನಕ್ಕೆ ಎಂಟು ಗಂಟೆಯಂತೆ, ಊಟ ವಿಶ್ರಾಂತಿಯ ಲೆಕ್ಕ ಬಿಟ್ಟು 36 ದಿನ ಬೇಕಾಗುತ್ತದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸಂಗ್ರಹದಲ್ಲಿ ಸುಮಾರು 80 ಲಕ್ಷ ವಸ್ತುಗಳಿದ್ದು, ಅವುಗಳಲ್ಲಿ ನೂರಕ್ಕೆ ಒಂದರಷ್ಟನ್ನು ಮಾತ್ರ ಹೊರಗಿಟ್ಟಿದ್ದಾರೆ. ಅಲ್ಲೇ ಕೆಲಸ ಮಾಡುವವರೂ ಎಲ್ಲವನ್ನೂ ನೋಡಿರಲಿಕ್ಕಿಲ್ಲ. ಹಾಗಿರುವಾಗ ನೋಡದೆ ಉಳಿಯುವುದರ ಬಗ್ಗೆ ನೀನು ಯಾಕೆ ಕೊರಗಬೇಕು?

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಿನ್ನ ದೊಡ್ಡಪ್ಪನಿಗೆ ಆದದ್ದು. ಅವರ ಮೇಜಿನ ಮೇಲಿನ ಗೋಡೆಯಲ್ಲಿದ್ದ ಆ ಕಪ್ಪು ಬಿಳುಪಿನ ಚಿತ್ರವನ್ನು ನೋಡದೆ ಬೆಳೆದ ಮಗು ನಮ್ಮಲ್ಲಿ ಯಾವುದೂ ಇಲ್ಲ. ತಲೆಯಿಲ್ಲದ, ಕೈಗಳಿಲ್ಲದ, ಎರಡು ದೊಡ್ಡ ರೆಕ್ಕೆಗಳ ಹೆಂಗಸು. ನೀನು ಚಿಕ್ಕವಳಿದ್ದಾಗ ಅದಕ್ಕೆ ಹೆದರಿ ಆ ಕೋಣೆಗೆ ಹೋಗುತ್ತಲೇ ಇರಲಿಲ್ಲ. ಅದು ಸಾಮೊಥ್ರೇಸ್ ಎಂಬ ಗ್ರೀಕ್ ದ್ವೀಪದಲ್ಲಿ 1863ರಲ್ಲಿ ಫ್ರಾನ್ಸಿನ ರಾಜತಾಂತ್ರಿಕ ಶಾರ್ಲ್ ಶಾಂಪ್ವಾಸೊ ಎಂಬವರಿಗೆ ತುಂಡುತುಂಡಾಗಿ ಸಿಕ್ಕಿದ ವಿಜಯದೇವತೆಯ ಅಮೃತಶಿಲೆಯ ವಿಗ್ರಹ, ಕ್ರಿಸ್ತಪೂರ್ವ 2ನೆಯ ಶತಮಾನದ್ದು. ಲೂವ್ರ್‌ನಲ್ಲಿ ದಾರೂ ಎಂಬ ಹೆಸರಿನ ಮೆಟ್ಟಿಲುಗಳ ತುದಿಯಲ್ಲಿ, ಕಲ್ಲಿನ ಹಡಗಿನ ಮೂತಿಯ ಮೇಲೆ ಅದನ್ನು ನಿಲ್ಲಿಸಿದ್ದಾರೆ. ಡ್ರಾಯಿಂಗ್ ಕಲಿಸುತ್ತಾ ಬದುಕು ಸವೆಸಿದ ಮನುಷ್ಯನಿಗೆ ಅದನ್ನು ಎದುರು ನಿಂತು ನೋಡಬೇಕೆಂಬುದು ಬಿಟ್ಟರೆ ಪರದೇಶದ ಆಸೆ ಬೇರೆ ಏನೂ ಇರಲಿಲ್ಲ.

ನಾವು ಹೋದದ್ದು ಒಂದು ಪ್ರವಾಸ ಸಂಸ್ಥೆಯ ಗುಂಪಿನ ಜೊತೆ. ಆ ಸಂಸ್ಥೆಯ ಹುಡುಗ ಕೈಯಲ್ಲಿ ಬಣ್ಣದ ಬಾವುಟ ಎತ್ತಿ ಹಿಡಿದು ಮುಂದೆ ನಡೆದರೆ, ನಾವೆಲ್ಲ ಜಾತ್ರೆಯಲ್ಲಿ ಅಮ್ಮನ ಸೆರಗು ಹಿಡಿದ ಮಕ್ಕಳಂತೆ ಅವನ ಹಿಂದೆ ಓಡಬೇಕು. ಮೋನಾಲಿಸಾ, ವಿಜಯದೇವತೆ, ವೀನಸ್, ಈ ಮೂರನ್ನು ತೋರಿಸಿ ಗುಂಪನ್ನು ಮ್ಯೂಸಿಯಂ ಬಾಗಿಲಿನ ಗಾಜಿನ ಪಿರಮಿಡ್ಡಿನ ಕೆಳಗೆ ಸೇರಿಸಿಬಿಟ್ಟರೆ ಅವನ ಕೆಲಸ ಮುಗಿಯಿತು. ಮೆಟ್ಟಿಲು ಹತ್ತಿ ಆ ವಿಗ್ರಹದ ಎದುರು ಬಂದಾಗ ನಿನ್ನ ದೊಡ್ಡಪ್ಪ ನಿಂತೇಬಿಟ್ಟರು. ಎದುರಿನಿಂದ ಬೀಸುವ ಕಡಲಗಾಳಿಗೆ ತೆಳ್ಳನೆಯ ಬಟ್ಟೆ ಒದ್ದೆಯಾಗಿ ಹೊಟ್ಟೆಗೆ ಅಂಟಿಕೊಂಡಿರುವುದು, ಹೊಕ್ಕುಳಿನ ಕುಳಿ ಕೂಡ ಆ ಬಟ್ಟೆಯೊಳಗಿಂದ ಕಾಣುವುದು, ತೊಡೆಗಳ ನಡುವೆ ಮಾತ್ರ ಅದೇ ಬಟ್ಟೆ ದಪ್ಪ ಮಡಿಕೆಗಳಾಗಿ ಹಿಂದಕ್ಕೆ ಹಾರುವುದು, ಇದನ್ನೆಲ್ಲ ನನಗೆ ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸುತ್ತಿದ್ದರು. ಹತ್ತಿರದ ಗಾಜಿನ ಪೆಟ್ಟಿಗೆಯೊಂದರಲ್ಲಿ ಅವಳ ಬಲಗೈ ಇದೆ, ಅದು 1950ರಲ್ಲಿ ಅದೇ ದ್ವೀಪದಲ್ಲಿ ಸಿಕ್ಕಿದ್ದು, ಅದನ್ನು ನೋಡಿ ಆಮೇಲೆ ಪಕ್ಕದಿಂದ ರೆಕ್ಕೆ ನೋಡೋಣ ಎಂದು ಅತ್ತ ತಿರುಗಿದ್ದರು ಅಷ್ಟೇ. ಬಾವುಟದ ಹುಡುಗ ಬಂದು, ಅಂಕಲ್, ಮೋನಾಲಿಸಾ ಹತ್ತಿರ ಜನ ಹೆಚ್ಚುತ್ತಾರೆ, ಇದನ್ನು ವಾಪಸ್ ಬರುವಾಗ ನಿಧಾನವಾಗಿ ನೋಡಬಹುದು ಎಂದು ತೋಳು ಹಿಡಿದು ಕರೆದುಕೊಂಡು ಹೋದ.

ಮೋನಾಲಿಸಾ ಚಿತ್ರ ಬರೀ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲದ ಮರದ ಹಲಗೆ. ಗಾಜಿನ ಹಿಂದೆ ಅದು, ಅದರ ಮುಂದೆ ಕಟಕಟೆ, ಕಟಕಟೆಯ ಈಚೆ ನೂರಾರು ಕೈಗಳು, ಕೈಕೈಯಲ್ಲೂ ಫೋನು. ನಾನು ಆ ಚಿತ್ರವನ್ನು ನೋಡಿದ್ದು ನನ್ನ ಮುಂದಿದ್ದವರ ಫೋನಿನ ಪರದೆಯಲ್ಲಿ. ಅಲ್ಲಿಂದ ನಮ್ಮನ್ನು ಬೇರೊಂದು ದಾರಿಯಲ್ಲಿ ಇಳಿಸಿ, ವೀನಸ್ ವಿಗ್ರಹದ ಮುಂದೆ ಗುಂಪಿನ ಫೋಟೊ ತೆಗೆಸಿ, ನೇರವಾಗಿ ಪಿರಮಿಡ್ಡಿನ ಕೆಳಗೆ ತಂದು ನಿಲ್ಲಿಸಿದರು. ಆ ಮೆಟ್ಟಿಲುಗಳ ಕಡೆಗೆ ನಾವು ವಾಪಸ್ ಹೋಗಲೇ ಇಲ್ಲ. ದೊಡ್ಡಪ್ಪ ಕೇಳಿದರು, ನಾನೂ ಕೇಳಿದೆ, ಬಸ್ಸು ಕಾಯುತ್ತಿದೆ ಎಂಬ ಒಂದೇ ಉತ್ತರ ಬಂತು. ಅವರು ಜಗಳವಾಡುವ ಮನುಷ್ಯನಲ್ಲ, ನಿಮಗೆಲ್ಲ ಗೊತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತುಬಿಟ್ಟರು. ಮತ್ತೆ ಅಲ್ಲಿಗೆ ಹೋಗುವ ಯೋಗ ಅವರಿಗೆ ಬರಲಿಲ್ಲ.

ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ ಪುಟ್ಟಿ, ಎಲ್ಲವನ್ನೂ ನೋಡುವ ಹಟ ಬೇಡ, ಮತ್ತು ವಾಪಸ್ ಬರುವಾಗ ನೋಡೋಣ ಎಂದು ಯಾರೇ ಹೇಳಿದರೂ ಒಪ್ಪಬೇಡ. ಮನಸ್ಸು ನಿಂತ ಕಡೆ ಕಾಲೂ ನಿಲ್ಲಲಿ. ಪಟ್ಟಿಯಲ್ಲಿ ಮುಂದಿನದು ತಪ್ಪಿದರೆ ತಪ್ಪಲಿ.

ನನಗೆ ಇವತ್ತಿಗೂ ಬೇಸರವಾಗುವುದು ಆ ಹುಡುಗನ ಮೇಲಲ್ಲ, ಅವನಿಗೂ ಮೇಲಿನವರು ಗಡಿಯಾರ ಕೊಟ್ಟಿರುತ್ತಾರೆ. ನಾವು ವಾಪಸ್ ಬಂದಮೇಲೆ ಮನೆಗೆ ಬಂದವರೆಲ್ಲ, ನಮ್ಮ ಬಂಧುಗಳೂ ಸೇರಿದಂತೆ, ಮೋನಾಲಿಸಾ ನೋಡಿದಿರಾ ಎಂದು ಕೇಳಿದರೇ ಹೊರತು, ಆ ಮನುಷ್ಯ ಯಾವುದಕ್ಕಾಗಿ ಅಷ್ಟು ದೂರ ಹೋಗಿದ್ದರೋ ಅದರ ಬಗ್ಗೆ ಒಬ್ಬರೂ ಕೇಳಲಿಲ್ಲ. ಫೋಟೊ ತೋರಿಸಿ ಎಂದರು, ನೋಡಿದರು, ಚೆನ್ನಾಗಿದೆ ಎಂದು ಫೋನು ವಾಪಸ್ ಕೊಟ್ಟರು. ಇನ್ನು ಕೂರುವ ವ್ಯವಸ್ಥೆಯ ವಿಷಯ. ಎಷ್ಟೋ ದೊಡ್ಡ ದೊಡ್ಡ ಪ್ರದರ್ಶನಗಳಲ್ಲಿ ಗೋಡೆಗೆ ಬಣ್ಣ ಆರಿಸುವುದಕ್ಕೆ ತೋರಿಸುವ ಕಾಳಜಿಯನ್ನು ಒಂದು ಬೆಂಚು ಹಾಕುವುದಕ್ಕೆ ತೋರಿಸುವುದಿಲ್ಲ. ಚಿತ್ರದ ಪಕ್ಕದ ವಿವರಣೆಯನ್ನು ಸೊಂಟದ ಎತ್ತರದಲ್ಲಿ, ಸಾಸಿವೆಯಷ್ಟು ಅಕ್ಷರಗಳಲ್ಲಿ ಅಂಟಿಸಿರುತ್ತಾರೆ. ಅಮೆರಿಕದ ಬಾಸ್ಟನ್ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬವರು 1916ರಲ್ಲೇ, ಕೆಳಗಿಟ್ಟ ವಸ್ತುಗಳನ್ನು ನೋಡಲು ಮನುಷ್ಯ ಹೇಗೆ ಬಗ್ಗಬೇಕು, ಹೇಗೆ ಕುಕ್ಕರಗಾಲಿನಲ್ಲಿ ಕೂರಬೇಕು ಎಂಬುದನ್ನು ಫೋಟೊ ಸಮೇತ ತೋರಿಸಿ, ನೋಡುವವರ ದಣಿವಿಗೆ ವಸ್ತುಗಳನ್ನು ಜೋಡಿಸಿದ ರೀತಿಯೇ ಬಹುಮಟ್ಟಿಗೆ ಕಾರಣ ಎಂದು ಬರೆದಿದ್ದರು. ನೂರು ವರ್ಷ ಕಳೆದರೂ ವಯಸ್ಸಾದವರು ಬಗ್ಗುವುದು ತಪ್ಪಿಲ್ಲ. ಕಾಗದದ ಮೇಲಿನ ಚಿತ್ರಗಳು ಮತ್ತು ಹಳೆಯ ಬಟ್ಟೆಗಳಿರುವ ಕೋಣೆಗಳಲ್ಲಿ ಬೆಳಕನ್ನು ಸುಮಾರು 50 ಲಕ್ಸ್‌ಗೆ (ಲಕ್ಸ್ ಎಂದರೆ ಬೆಳಕಿನ ಅಳತೆ) ಇಳಿಸುತ್ತಾರೆ, ಬೆಳಕಿಗೆ ಬಣ್ಣ ಮಾಸುತ್ತದೆಂಬ ಕಾರಣಕ್ಕೆ. ಅದು ನ್ಯಾಯವೇ, ಒಪ್ಪುತ್ತೇನೆ. ಆದರೆ ಆ ಮಂಕು ಬೆಳಕಿನಲ್ಲಿ ಅಕ್ಷರವನ್ನಾದರೂ ದೊಡ್ಡದಾಗಿ ಬರೆಯಬಹುದಲ್ಲ. ನಿಮ್ಮತ್ತೆಯ ಓದುವ ಕನ್ನಡಕವನ್ನು ಮರೆಯದೆ ಇಟ್ಟುಕೋ.

ಕಲೆಯ ಬಗ್ಗೆ ಏನೂ ತಿಳಿಯದು ಎಂದು ಸಂಕೋಚಪಡುತ್ತೀಯಲ್ಲ, ಅದನ್ನು ಇಲ್ಲೇ ಬಿಟ್ಟುಹೋಗು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಚಿತ್ರವನ್ನು ಎಷ್ಟು ಹೊತ್ತು ನೋಡುತ್ತಾರೆ ಎಂದು ಅಳೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಸರಾಸರಿ ಬಂದದ್ದು 27 ಸೆಕೆಂಡು, ಅದೂ ಹೆಸರಾಂತ ಕಲಾವಿದರ ಚಿತ್ರಗಳ ಮುಂದೆ. ನೀನು ಐದು ನಿಮಿಷ ನಿಂತರೆ ಅಲ್ಲಿರುವ ಬಹುಪಾಲು ಜನರಿಗಿಂತ ಚೆನ್ನಾಗಿ ನೋಡಿದ ಹಾಗಾಯಿತು. ಮೊದಲು ಚಿತ್ರ ನೋಡು, ಏನು ಕಾಣುತ್ತದೋ ಕಾಣಲಿ, ಆಮೇಲೆ ವಿವರಣೆ ಓದು. ಮೊದಲೇ ಓದಿಬಿಟ್ಟರೆ ಅದರಲ್ಲಿ ಹೇಳಿದ್ದನ್ನು ಮಾತ್ರ ಹುಡುಕಿ ಕಣ್ಣು ಸುಮ್ಮನಾಗಿಬಿಡುತ್ತದೆ.

ಮಕ್ಕಳಿಗೆ ಬೇಸರವಾಗುತ್ತದೆಂದು ಹೆದರಬೇಡ, ಅವರಿಗೆ ಹುಡುಕುವ ಕೆಲಸ ಕೊಡು. ಮೋನಾಲಿಸಾ ಇರುವ ಅದೇ ಕೋಣೆಯಲ್ಲಿ, ಅವಳ ಎದುರಿನ ಗೋಡೆಯಲ್ಲಿ, ಇಟಲಿಯ ಚಿತ್ರಕಾರ ವೆರೊನೇಸೆ 1563ರಲ್ಲಿ ಮುಗಿಸಿದ, ಬೈಬಲ್ಲಿನ ಕಥೆಯಲ್ಲಿ ಬರುವ ಕಾನಾ ಎಂಬ ಊರಿನ ಮದುವೆಯೂಟದ ಚಿತ್ರವಿದೆ. ಲೂವ್ರ್‌ನಲ್ಲಿರುವ ಚಿತ್ರಗಳಲ್ಲೆಲ್ಲ ಅದೇ ದೊಡ್ಡದು, ಹತ್ತಿರ ಹತ್ತಿರ 10 ಮೀಟರ್ ಅಗಲ. ಎಲ್ಲರೂ ಅದಕ್ಕೆ ಬೆನ್ನು ಹಾಕಿ ನಿಂತಿರುವುದರಿಂದ ಅದರ ಮುಂದೆ ಜಾಗ ಧಾರಾಳವಾಗಿ ಸಿಗುತ್ತದೆ. ಬಲಗಡೆ ಹೂಜಿಯೊಂದನ್ನು ಕೆರೆಯುತ್ತಾ ಮಲಗಿರುವ ಬೆಕ್ಕು, ಎಡಗಡೆ ಹಸಿರು ಗಿಳಿ, ಊಟದ ಸಾಲಿನಲ್ಲಿ ಕುಳಿತೇ ಹಲ್ಲಿಗೆ ಕಡ್ಡಿ ಹಾಕುತ್ತಿರುವ ಹೆಂಗಸು, ಇವನ್ನು ಹುಡುಕಿ ಎಂದು ಹೇಳು. ಚಿಕ್ಕವನಿಗೆ ಬೆಕ್ಕು ಸಿಕ್ಕಿದ ಮೇಲೆ ಉಳಿದದ್ದನ್ನು ಅವನೇ ನಿನಗೆ ತೋರಿಸುತ್ತಾನೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಹುಲಿಯನ್ನು ತಪ್ಪದೆ ತೋರಿಸು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರು ಕೊಂಡೊಯ್ದದ್ದು. ಬಣ್ಣ ಬಳಿದ ಮರದ ಹುಲಿ, ಕೆಳಗೆ ಬಿದ್ದ ಐರೋಪ್ಯ ಸಿಪಾಯಿಯ ಕುತ್ತಿಗೆಗೆ ಬಾಯಿ ಹಾಕಿದೆ. ಹುಲಿಯ ಹೊಟ್ಟೆಯೊಳಗೆ ಆರ್ಗನ್ ವಾದ್ಯವಿದೆ, ಹಿಡಿ ತಿರುಗಿಸಿದರೆ ಸಿಪಾಯಿ ಕೈ ಎತ್ತಿ ನರಳುವಂತೆ ಯಂತ್ರ ಜೋಡಿಸಿದ್ದಾರೆ. ಈಗ ಗಾಜಿನೊಳಗಿರುವುದರಿಂದ ಬಂದವರು ತಿರುಗಿಸುವಂತಿಲ್ಲ, ಆದರೆ ಹಿಡಿ ಎಲ್ಲಿದೆ ಎಂದು ಮಕ್ಕಳೇ ಕಂಡುಹಿಡಿಯುತ್ತಾರೆ.

ನೋಡು, ನೀನು ಕೇಳಿದ್ದು ದಿನ ಹೊಂದಿಸುವುದು ಹೇಗೆಂದು. ಅದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಮುಖ್ಯವಾಗಿ ರಜೆಯ ದಿನ ನೋಡಿಕೋ. ಲೂವ್ರ್‌ಗೆ ಮಂಗಳವಾರ ರಜೆ, ಪ್ಯಾರಿಸ್ಸಿನಲ್ಲೇ ಇರುವ ಓರ್ಸೇ ಮ್ಯೂಸಿಯಂಗೆ ಸೋಮವಾರ ರಜೆ. ಲಂಡನ್ನಿನ ಎರಡು ಮ್ಯೂಸಿಯಂಗಳಿಗೂ ವಾರದ ರಜೆ ಇಲ್ಲ, ಕಾಯಂ ಸಂಗ್ರಹ ನೋಡಲು ಟಿಕೆಟ್ಟೂ ಇಲ್ಲ, ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್ ಕೊಳ್ಳಬೇಕು. ಶುಕ್ರವಾರಗಳಂದು ಅವು ರಾತ್ರಿಯವರೆಗೂ ತೆರೆದಿರುತ್ತವೆ, ಆಗ ಶಾಲೆಯ ಗುಂಪುಗಳೂ ಪ್ರವಾಸದ ಬಸ್ಸುಗಳೂ ಕಡಿಮೆ. ಲೂವ್ರ್‌ಗೆ ಮ್ಯೂಸಿಯಂನ ಸ್ವಂತ ವೆಬ್‌ಸೈಟಿನಲ್ಲೇ ಸಮಯ ಗೊತ್ತುಮಾಡಿ ಮುಂಗಡ ಟಿಕೆಟ್ ತೆಗೆದುಕೋ, ಮಧ್ಯವರ್ತಿಗಳ ಬಳಿ ಹೋಗಬೇಡ. 18 ವರ್ಷದೊಳಗಿನವರಿಗೆ ಅಲ್ಲಿ ಹಣವಿಲ್ಲ, ಆದರೂ ಮಕ್ಕಳ ಹೆಸರಿನಲ್ಲೂ ಸಮಯ ಕಾದಿರಿಸು. ದೊಡ್ಡ ಸೂಟ್‌ಕೇಸನ್ನು ಒಳಗೆ ಬಿಡುವುದಿಲ್ಲ, ಆದ್ದರಿಂದ ರೈಲಿನಿಂದ ಇಳಿದು ನೇರವಾಗಿ ಅಲ್ಲಿಗೆ ಹೋಗಬೇಡ. ನಿಮ್ಮತ್ತೆಗೆ ಗಾಲಿಕುರ್ಚಿಯನ್ನು ಲೂವ್ರ್‌ನವರೇ ಉಚಿತವಾಗಿ ಕೊಡುತ್ತಾರೆ, ಗುರುತಿನ ಚೀಟಿ ಇಟ್ಟುಕೊಳ್ಳುತ್ತಾರೆ. ಅವರು ನನಗೇಕೆ ಕುರ್ಚಿ ಎಂದು ಬಿಗುಮಾನ ಮಾಡಬಹುದು, ನಾನು ಹೇಳಿದೆ ಎಂದು ಹೇಳು.

ದಿನಕ್ಕೆ ಒಂದೇ ಮ್ಯೂಸಿಯಂ, ಅದರಲ್ಲೂ ಎರಡು ಗಂಟೆಯ ಹೊತ್ತು ಸಾಕು. ಹೋಗುವ ಮುಂಚೆ ಒಬ್ಬೊಬ್ಬರೂ ಒಂದೊಂದು ವಸ್ತುವನ್ನು ಆರಿಸಿಕೊಳ್ಳಿ, ಅದು ಯಾವ ಕೋಣೆಯಲ್ಲಿದೆ, ಆ ದಿನ ಆ ಕೋಣೆ ತೆರೆದಿದೆಯೇ, ವಸ್ತು ಬೇರೆ ಊರಿನ ಪ್ರದರ್ಶನಕ್ಕೆ ಹೋಗಿಲ್ಲ ತಾನೇ ಎಂದು ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ನೀವು ಪ್ಯಾರಿಸ್ಸಿನಲ್ಲಿರುವ ಮೂರು ದಿನಗಳಲ್ಲಿ ಮಂಗಳವಾರ ಬಂದರೆ ಅವತ್ತು ಓರ್ಸೇಗೆ ಹೋಗಿ. 1900ರ ವಿಶ್ವ ಪ್ರದರ್ಶನಕ್ಕೆಂದು ಕಟ್ಟಿದ ರೈಲು ನಿಲ್ದಾಣವೇ ಈಗ ಮ್ಯೂಸಿಯಂ ಆಗಿದೆ, ಮೇಲಿನ ದೊಡ್ಡ ಗಡಿಯಾರದ ಹಿಂದೆ ನಿಂತರೆ ನದಿ ಕಾಣುತ್ತದೆ, ಮಕ್ಕಳಿಗೆ ಹಿಡಿಸುತ್ತದೆ. ನಿನ್ನ ಪ್ರಯಾಣದ ದಿನಾಂಕಗಳನ್ನು ಇಲ್ಲಿಗೇ ಕಳುಹಿಸು. ವಾರದ ಯಾವ ದಿನ ಎಲ್ಲಿರುತ್ತೀರಿ ಎಂಬುದನ್ನು ನೋಡಿಕೊಂಡು ಲೂವ್ರ್ ಟಿಕೆಟ್ಟನ್ನು ಈ ವಾರವೇ ತೆಗೆದುಬಿಡೋಣ.