ಸಹಾಯ ಬೇಕು: ಮಾಲ್ಡೀವ್ಸಲ್ಲಿ ಸಂಜೆ ಇಳಿದ್ರೆ ಬಾ ಅಟಾಲ್‌ಗೆ ಹೇಗೆ ಹೋಗೋದು?

ಎಲ್ರಿಗೂ ನಮಸ್ಕಾರ, ಮುಂದಿನ ತಿಂಗಳು ಅಮ್ಮನ್ನ ಕರ್ಕೊಂಡು ಮಾಲ್ಡೀವ್ಸ್‌ಗೆ ಹೋಗ್ತಿದೀನಿ, ಫ್ಲೈಟು ವೆಲಾನಾ ಏರ್‌ಪೋರ್ಟಲ್ಲಿ ಇಳಿಯೋದೇ ಸಂಜೆ 6ಕ್ಕೆ, ರೆಸಾರ್ಟ್ ಇರೋದು ಬಾ ಅಟಾಲ್ ಅನ್ನೋ ದ್ವೀಪಗಳ ಗುಂಪಲ್ಲಿ. ಅಲ್ಲಿಗೆ ಹೋಗೋ ಸೀಪ್ಲೇನು (ನೀರಿನ ಮೇಲೆ ಇಳಿಯೋ ವಿಮಾನ) ಹಗಲು ಹೊತ್ತು ಮಾತ್ರ ಹಾರುತ್ತೆ ಅಂತ ಟಿಕೆಟ್ ಮಾಡಿದ್ಮೇಲೆ ಗೊತ್ತಾಯ್ತು! ಫ್ಲೈಟ್ ಬದಲಾಯಿಸೋಕೆ ನೋಡ್ದೆ, ಆಗ್ಲಿಲ್ಲ. ರೆಸಾರ್ಟ್‌ನೋರಿಗೆ ಮೇಲ್ ಹಾಕಿದ್ರೆ, ಅವತ್ತೇ ರಾತ್ರಿ ಡೊಮೆಸ್ಟಿಕ್ ಫ್ಲೈಟಲ್ಲಿ ಅದೇ ಅಟಾಲಲ್ಲಿರೋ ಧರವಂದೂ ದ್ವೀಪಕ್ಕೆ ಹೋಗಿ ಅಲ್ಲಿಂದ ಸ್ಪೀಡ್‌ಬೋಟ್ ಹತ್ತಿ, ಇಲ್ಲಾಂದ್ರೆ ಏರ್‌ಪೋರ್ಟ್ ಹತ್ರದ ಹುಲ್ಹುಮಾಲೇಲಿ ಒಂದ್ರಾತ್ರಿ ಉಳ್ಕೊಂಡು ಬೆಳಿಗ್ಗೆ ಸೀಪ್ಲೇನಲ್ಲಿ ಬನ್ನಿ ಅಂತಾರೆ. ಅಮ್ಮಂಗೆ ಮಂಡಿನೋವು, ದೋಣಿ ಅಲ್ಲಾಡಿದ್ರೆ ವಾಂತಿ ಬೇರೆ, ಹೋದ್ಸಲ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು ಕಣ್ಮುಚ್ಚೇ ಕೂತಿದ್ರು ಪಾಪ. ಆದ್ರೆ ಹುಲ್ಹುಮಾಲೇಲಿ ಉಳ್ಕೊಂಡ್ರೆ ರೆಸಾರ್ಟಿನ ಒಂದು ರಾತ್ರಿ ದುಡ್ಡು ಹೋಗುತ್ತೆ.

ವಯಸ್ಸಾದವರ ಜೊತೆ ಹೋಗಿಬಂದೋರು ಹೇಳಿ, ಧರವಂದೂಯಿಂದ ಕತ್ತಲಲ್ಲಿ ಸ್ಪೀಡ್‌ಬೋಟು ತುಂಬಾ ಕುಲುಕುತ್ತಾ, ಸೀಪ್ಲೇನ್ ಹತ್ತಿ ಇಳಿಯೋದು ಮಂಡಿನೋವಿರೋರಿಗೆ ಕಷ್ಟನಾ, ಎರಡ್ರಲ್ಲಿ ಯಾವ್ದು ವಾಸಿ?